ಹೆಜ್ಜೆಯೂ ಗೆರೆಯೂ

ನೃತ್ಯವನ್ನೂ ಚಿತ್ರವನ್ನೂ ಒಂದೇ ರಂಗದ ಮೇಲೆ ಕೂಡಿಸಿ ತೋರಿಸುವುದನ್ನು ಹೊರನಾಡಿನ ಹುಚ್ಚೆಂದು ಹಳಿಯುವವರುಂಟು. ಹೊಸತೆಂಬ ಕಾರಣದಿಂದಲೇ ಕೊಂಡಾಡುವವರೂ ಉಂಟು. ಬೀದರು, ಭಾಲ್ಕಿ, ಔರಾದುಗಳ ಗೃಹಸ್ಥರು ಈ ಎರಡು ಮಾತನ್ನೂ ನಂಬಬೇಕಾಗಿಲ್ಲ. ಈ ಕೂಟದ ಹಳೆಯ ಕುರುಹುಗಳು ಅವರ ಜಿಲ್ಲೆಯಲ್ಲಿಯೇ ಇವೆ.

ಇಂದಿನ ಬಸವಕಲ್ಯಾಣವಾದ ಕಲ್ಯಾಣದಿಂದ ನಾಡನ್ನಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅಡುಗೆಯನ್ನೂ ಆನೆಗಳನ್ನೂ ಬಿಡದೆ ವಿವರಿಸಿರುವನು, ಚಿತ್ರಕ್ಕೂ ನೃತ್ಯಕ್ಕೂ ಅಲ್ಲಿ ಸ್ಥಾನವಿದೆ. ಚಿತ್ರಭೇದಗಳಲ್ಲಿ ಬಣ್ಣದ ಹುಡಿಯಿಂದ ಬರೆಯುವ ಧೂಳಿಚಿತ್ರವೂ ಒಂದು. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಇಡುವ ರಂಗೋಲಿಯು ಅದೇ ಜಾತಿಯದು. ಅರಸನು ಚಿತ್ರವೆಂದು ಎಣಿಸಿದುದನ್ನು ನಾವು ಕಸಗುಡಿಸಿದ ಮೇಲಿನ ಚಾಕರಿಯೆಂದು ಎಣಿಸಿರುವೆವು!

ಹುಮನಾಬಾದು ತಾಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ, ಸೋಮೇಶ್ವರನ ತಂದೆಯಾದ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ಅನೇಕ ವಾಚಕರು ನೋಡಿರಬಹುದು. ಕೈ ಅಕ್ಷರ ಬರೆಯುತ್ತಿದೆ. ಮೈಯಾದರೋ ನರ್ತಕಿಯ ಬಾಗಿನಲ್ಲಿದೆ. ನೃತ್ಯವನ್ನರಿಯದವನಿಗೆ ಚಿತ್ರಸೂತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಹೇಳಿದುದರ ಅರ್ಥವು ಈ ಶಿಲೆಯ ಮುಂದೆ ತಾನಾಗಿ ಹೊಳೆಯುವುದು.

ಕಲೆಗಳನ್ನು ಕೂಡಿಸುವುದು ಬೇರೆ, ಪಕ್ಕಪಕ್ಕದಲ್ಲಿ ಇಡುವುದು ಬೇರೆ. ಒಂದು ಮೂಲೆಯಲ್ಲಿ ಚಿತ್ರಕಾರನು ಅವಸರದಿಂದ ಕುಂಚವಾಡಿಸುವನು, ನಡುವೆ ನರ್ತಕಿಯು ಅವನು ಮುಗಿಸುವವರೆಗೆ ಸುತ್ತುವಳು. ಇಂಥದನ್ನು ನಾವು ಕೂಟವೆನ್ನಲಾರೆವು. ತುಳುನಾಡಿನ ನಾಗಮಂಡಲವನ್ನು ನೋಡಿರಿ. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಹುಡಿಗಳಿಂದ ನೆಲದ ಮೇಲೆ ಹೆಣೆದ ಹಾವುಗಳ ಮಂಡಲವನ್ನು ಬರೆದು, ಅದರ ಬಳಿಯಲ್ಲಿಯೇ ರಾತ್ರಿ ಕುಣಿಯುವರು. ಅದು ಆರಾಧನೆ, ಪ್ರದರ್ಶನವಲ್ಲ. ಅಲ್ಲಿ ಚಿತ್ರವು ಕುಣಿತಕ್ಕಾಗಿ ಹುಟ್ಟುವುದು. ತೆಲುಗರ ಕೂಚಿಪೂಡಿಯ ಸಿಂಹನಂದನದಲ್ಲಿ ಇದು ತಿರುವುಮುರುವು. ನೆಲದಲ್ಲಿ ಹರಡಿದ ಹುಡಿಯಲ್ಲಿ ನರ್ತಕಿಯ ಪಾದಗಳೇ ಸಿಂಹವನ್ನು ಬರೆಯುವುವು. ತಾಳವೂ ಸಿಂಹನಂದನವೇ; ಅದರ ಒಂದು ಆವರ್ತಕ್ಕೆ 128 ಅಕ್ಷರಕಾಲ. ಹೆಜ್ಜೆ ತಪ್ಪಿದರೆ ತಾಳವೂ ಕೆಟ್ಟಿತು, ಸಿಂಹದ ಮೋರೆಯೂ ಕೆಟ್ಟಿತು. ಮರೆಯಾಗುತ್ತಿದ್ದ ಈ ಕಲೆಯನ್ನು ಕಳೆದ ಶತಮಾನದಲ್ಲಿ ಸಿ. ಆರ್. ಆಚಾರ್ಯುಲು ಎಂಬ ವಿದ್ವಾಂಸರು ಮತ್ತೆ ರಂಗಕ್ಕೆ ತಂದರು. (ಸಿಂಹ ಮೂಡಿದೊಡನೆ ಸಭೆಯು ಚಪ್ಪಾಳೆ ತಟ್ಟಿ ಅಡವುಗಳನ್ನೇ ಮರೆತುಬಿಡುವುದು, ಇದು ನರ್ತಕಿಯ ದೋಷವಲ್ಲ.)

ಈಗ ಮನೆಯ ಮಾತು. ಮಗಳು ಮೇಲಿನ ತರಗತಿಗೆ ಬಂದೊಡನೆ, “ಕುಣಿತವನ್ನೋ ಬಣ್ಣವನ್ನೋ ಒಂದನ್ನು ಬಿಡು” ಎನ್ನುವುದು ಎಷ್ಟೋ ಮನೆಗಳ ವಾಡಿಕೆ. ಖರ್ಚಿನ ಭಯವು ನಮಗೆ ತಿಳಿಯದುದಲ್ಲ. ಆದರೆ ಕೈಗೆರೆಯನ್ನು ಕಲಿಸಿದ ಮೈಯ ತೂಕವನ್ನೇ ಕಿತ್ತುಕೊಂಡ ಮೇಲೆ ಚಿತ್ರಕ್ಕೆ ಉಳಿಯುವುದು ಪುಸ್ತಕ ನೋಡಿ ತೆಗೆದ ನಕಲು ಮಾತ್ರ. ಇಬ್ಬರು ಗುರುಗಳಿಗೆ ಸಂಬಳ ಕೊಡಲಾಗದಿದ್ದರೆ ಒಬ್ಬರಿಗೇ ಕೊಡಿರಿ. ಇನ್ನೊಂದನ್ನು ಅಂಗಳದಲ್ಲಿ ಬದುಕಗೊಡಿರಿ. ಚುಕ್ಕಿಯಿಟ್ಟು ಎಳೆಯುವ ಮುನ್ನ ಹುಡುಗಿಯು ಆ ಗೆರೆಯ ದಾರಿಯನ್ನು ಒಮ್ಮೆ ತಾಳಹಾಕಿ ನಡೆಯಲಿ. ಸಿಂಹಕ್ಕೆ ಅವಸರ ಬೇಡ, ಅದಕ್ಕೆ ವರ್ಷಗಳ ಸಾಧನೆ ಬೇಕು. ಬರುವ ರಜೆಯಲ್ಲಿ ಅವಳನ್ನು ಜಲಸಂಗಿಗೆ ಕರೆದೊಯ್ದು, ಕಾಗದ ಸೀಸದಕಡ್ಡಿಗಳನ್ನು ಕೊಟ್ಟು, ಆ ಬಾಲಿಕೆಯಂತೆ ಮೊದಲು ನಿಂತು ನೋಡೆಂದು ಹೇಳಿರಿ, ಬರೆಯುವುದು ಆಮೇಲೆ.