ಆರ್ಟಿಕಲ್‌ಶಿಪ್: ಅವಧಿ ಇಳಿಯಿತು, ಸ್ಟೈಪೆಂಡ್ ಏರಿತು, ಆದರೂ…

2023ರ ಜುಲೈ 1ರಿಂದ ಸಿಎ ಕೋರ್ಸಿನ ಹೊಸ ಶಿಕ್ಷಣ ಮತ್ತು ತರಬೇತಿ ಯೋಜನೆ ಜಾರಿಗೆ ಬಂದಿದೆ. ಇಂಟರ್‌ಮೀಡಿಯೇಟ್‌ನ ಎರಡೂ ಗ್ರೂಪ್ ಪಾಸಾದವರು ಸಿಎ ಒಬ್ಬರ ಬಳಿ ಮಾಡಬೇಕಾದ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಕನಿಷ್ಠ ಸ್ಟೈಪೆಂಡ್ ದುಪ್ಪಟ್ಟಾಯಿತು. ಒಳ್ಳೆಯದೇ. ಆದರೆ ದುಪ್ಪಟ್ಟಾದ ಮೇಲೂ ಅದು ಎಷ್ಟು ಎಂದು ಯಾರೂ ಅಷ್ಟಾಗಿ ಚರ್ಚಿಸುತ್ತಿಲ್ಲ.

ಆ ದರ ನಿಂತಿರುವುದು ಊರಿನ ಜನಸಂಖ್ಯೆಯ ಮೇಲೆ. 20 ಲಕ್ಷ ದಾಟಿದ ಬೆಂಗಳೂರಿನಂಥ ನಗರದಲ್ಲಿ ಮೊದಲ ವರ್ಷ ತಿಂಗಳಿಗೆ 4,000 ರೂಪಾಯಿ, ಎರಡನೇ ವರ್ಷ 5,000. ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಕಡೆ 3,000 ಮತ್ತು 4,000. ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನಲ್ಲಿ 2,000 ಮತ್ತು 3,000. 2011ರ ಜನಗಣತಿಯಂತೆ ದಾವಣಗೆರೆ, ಶಿವಮೊಗ್ಗ ಈ ಕೊನೆಯ ಗುಂಪಿನವು. ಅಂದರೆ ಅಲ್ಲಿ ಮೊದಲ ವರ್ಷ ದಿನಕ್ಕೆ 70 ರೂಪಾಯಿಯೂ ಬೀಳುವುದಿಲ್ಲ. ಎರಡು ವರ್ಷಕ್ಕೆ ಒಟ್ಟು 60,000. ಬೆಂಗಳೂರಿನಲ್ಲಿ 1,08,000; ಇಲ್ಲಿನ ಪಿಜಿ ಬಾಡಿಗೆಗೇ ಅದು ಸಾಲದು. ಮುಂದೆ ಫೈನಲ್ ಪರೀಕ್ಷೆಗೆ ಮುನ್ನ ಆರು ತಿಂಗಳ ಓದು, ಆಗ ಸ್ಟೈಪೆಂಡೂ ಇಲ್ಲ.

ದೊಡ್ಡ ಸಂಸ್ಥೆಗಳು ಇದರ ಎಷ್ಟೋ ಪಟ್ಟು ಕೊಡುತ್ತವೆ, ನಿಜ. ಆ ಸೀಟುಗಳು ಕೆಲವೇ. ಮಿಕ್ಕವರ ಖರ್ಚು ಮನೆಯ ಮೇಲೆ.

ಇದು ಸಂಬಳವಲ್ಲ, ಕಲಿಕೆ ಎಂಬ ವಾದವಿದೆ. ಇಂಗ್ಲೆಂಡಿನಲ್ಲಿ ಹಿಂದೆ ಕಲಿಯುವವರೇ ಹಣ ಕೊಟ್ಟು ಸೇರುತ್ತಿದ್ದರಂತೆ! ಕಲಿಕೆ ಇರುವುದಂತೂ ಸುಳ್ಳಲ್ಲ. ನನ್ನ ರೂಮ್‌ಮೇಟ್ ಈಗ ಎರಡನೇ ವರ್ಷದಲ್ಲಿದ್ದಾನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಮಾರ್ಚ್ 31ಕ್ಕೆ ಗೋದಾಮಿನಲ್ಲಿ ನಿಂತು ದಾಸ್ತಾನು ಎಣಿಕೆ, ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್, ಸೆಪ್ಟೆಂಬರ್ ಬಂದರೆ ಟ್ಯಾಕ್ಸ್ ಆಡಿಟ್. ಆ ತಿಂಗಳಲ್ಲಿ ಅವನು ರೂಮಿಗೆ ಬರುವಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತೇನೆ. ನಿಯಮದಲ್ಲಿರುವುದು ವಾರಕ್ಕೆ 35 ಗಂಟೆ. ಆದರೂ ಒಂದು ಬಿಲ್ ನೋಡಿ ಇದು ರಿಪೇರಿ ಖರ್ಚೋ, ಹೊಸ ಆಸ್ತಿಯೋ ಎಂದು ಥಟ್ಟನೆ ಹೇಳುತ್ತಾನೆ. ಬಿಇ ಓದುವ ನಮಗೂ ಇಂಟರ್ನ್‌ಶಿಪ್ ಕಡ್ಡಾಯ. ನಮ್ಮಲ್ಲಿ ಬಹಳಷ್ಟು ಜನ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುತ್ತಾರೆ. ಸಿಎ ಲೋಕದಲ್ಲೂ 'ಡಮ್ಮಿ ಆರ್ಟಿಕಲ್‌ಶಿಪ್' ಇದೆ. ಕಚೇರಿಗೆ ಹೋಗದೆ ಹೆಸರು ಮಾತ್ರ ನೋಂದಾಯಿಸಿ ಮನೆಯಲ್ಲಿ ಓದುವುದು. ತಪ್ಪೇ. ಆದರೆ 2,000 ರೂಪಾಯಿಗೆ ದಿನವಿಡೀ ದುಡಿಯುವುದಕ್ಕಿಂತ ಓದಿ ಪಾಸಾಗುವುದೇ ಲೇಸು ಎಂದು ಹುಡುಗರು ಲೆಕ್ಕ ಹಾಕಿದರೆ, ಆ ದರಕ್ಕೂ ಅದರಲ್ಲಿ ಪಾಲಿದೆ.

ಹೋಲಿಕೆಗೆ ನಮ್ಮ ಕಡೆಯದನ್ನೇ ನೋಡಿ. ಎಂಜಿನಿಯರಿಂಗ್ ಪದವೀಧರ ಅಪ್ರೆಂಟಿಸ್‌ಗೆ 2019ರ ನಿಯಮದಲ್ಲೇ ತಿಂಗಳಿಗೆ ಕನಿಷ್ಠ 9,000 ನಿಗದಿಯಾಗಿತ್ತು, ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2024ರ ಬಜೆಟ್‌ನಲ್ಲಿ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ 5,000. ಬಿಕಾಂ ಮುಗಿಸಿ ನೇರ ಪ್ರವೇಶದಲ್ಲಿ ಬಂದ ಪದವೀಧರನಿಗೂ ಆರ್ಟಿಕಲ್‌ಶಿಪ್‌ನಲ್ಲಿ ಮಾತ್ರ ಅದೇ ಎರಡು, ಮೂರು, ನಾಲ್ಕು ಸಾವಿರ.

ಚಿಕ್ಕ ಊರಿನಲ್ಲಿ ಇಬ್ಬರು ಮೂವರನ್ನು ಇಟ್ಟುಕೊಂಡು ಕಚೇರಿ ನಡೆಸುವ ಸಿಎಗೆ 9,000 ಭಾರವಾಗಬಹುದು. ಅಪ್ರೆಂಟಿಸ್‌ಗಳಿಗೆ ಕೊಡುವ ಅರ್ಧಪಾಲನ್ನು ಅಂಥ ಕಚೇರಿಗಳಿಗೂ ವಿಸ್ತರಿಸಿದರೆ ಅವರು ಕೈಯಿಂದ ಕೊಡಬೇಕಾದದ್ದು 4,500. ಈ ಬೇಡಿಕೆಯನ್ನು ಸಿಎ ಸಂಸ್ಥೆಯೇ ಸರ್ಕಾರದ ಮುಂದಿಡಬೇಕು.