ಅಮ್ಮ ಓದುತ್ತಿದ್ದ ಪುಸ್ತಕ
ತ್ರಿವೇಣಿಯವರ ‘ಶರಪಂಜರ’ ಎಂದೊಡನೆ ಮುಂಬೈ, ಪುಣೆಯ ನಮ್ಮ ಕನ್ನಡ ಕೂಟಗಳಲ್ಲಿ ನೆನಪಾಗುವುದು ಪುಟ್ಟಣ್ಣನವರ ಸಿನಿಮಾ, ಕಲ್ಪನಾರ ನಟನೆ. ಕಾದಂಬರಿ? ‘ಅದು ಹೆಂಗಸರ ಪುಸ್ತಕ, ಅಮ್ಮ ಓದುತ್ತಿದ್ದರು.’

ಅಮ್ಮ ಓದುತ್ತಿದ್ದದ್ದು ಏನನ್ನು ಸ್ವಾಮಿ? ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡ, ನೆಂಟರು, ನೆರೆಯವರು ಸೇರಿ ಮತ್ತೆ ಅಲ್ಲಿಗೇ ಅಟ್ಟಿದ ಕಥೆಯನ್ನು. ಬರೆದವರು ಮನಃಶಾಸ್ತ್ರ ಕಲಿತವರು. ಇಂಥ ಬರಹವನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಲೆಗೆ ತಳ್ಳಿದವರುಂಟು.

ಎಂಟು ಜ್ಞಾನಪೀಠವೆಂದು ಎದೆಯುಬ್ಬಿಸುತ್ತೇವಲ್ಲ, ಎಂಟೂ ಗಂಡಸರಿಗೇ. 1955ರಲ್ಲೇ ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮೊದಲ ಬಾರಿ ಲೇಖಕಿಯೊಬ್ಬರಿಗೆ, ಗೀತಾ ನಾಗಭೂಷಣರಿಗೆ, ಸಿಕ್ಕಿದ್ದು 2004ರಲ್ಲಿ. ಅಷ್ಟು ವರ್ಷ ಹೆಂಗಸರು ಬರೆಯಲಿಲ್ಲವೇ?

ಅಮ್ಮನ ಆ ಪ್ರತಿ ಅಟ್ಟದಲ್ಲಿದ್ದರೆ ಇಳಿಸಿ, ಓದಿ. ಜಗಳ ಆಮೇಲಾಡೋಣ.