ಮ್ಯಾಮೊಗ್ರಾಂ ಯಾರಿಗೆ, ಯಾವಾಗ?

ಮುಂಬೈಯ ನಮ್ಮ ಕಚೇರಿಯಲ್ಲಿ ಈ ಸಲದ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಮ್ಯಾಮೊಗ್ರಾಂ ಸೇರಿದೆ. ಮೂವತ್ತೆರಡರ ಸಹೋದ್ಯೋಗಿಗಳೂ ಹೆಸರು ಬರೆಸಿದ್ದಾರೆ. ಊರಿನಲ್ಲಿರುವ ನಮ್ಮ ಅವ್ವಂದಿರ ತಪಾಸಣೆ ಮಾತ್ರ ಯಾವ ಪ್ಯಾಕೇಜಿನಲ್ಲೂ ಇಲ್ಲ. ಇದು ತಲೆಕೆಳಗಾದ ಲೆಕ್ಕ.

ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂನಲ್ಲಿ ಗಂಟು ಸುಲಭಕ್ಕೆ ಕಾಣದು. ಅಮೆರಿಕದ ತಜ್ಞರ ಕಾರ್ಯಪಡೆಯೂ 2024ರಲ್ಲಿ ಸಾಮಾನ್ಯ ಅಪಾಯದವರಿಗೆ ಹೇಳಿದ್ದು 40ರಿಂದ, ಎರಡು ವರ್ಷಕ್ಕೊಮ್ಮೆ. ತಾಯಿಗೋ ಅಕ್ಕತಂಗಿಗೋ ಬೇಗನೆ ಬಂದಿದ್ದರೆ ಮಾತು ಬೇರೆ. ತಂದೆಯ ಕಡೆಯ ಸೋದರತ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮವರು ಮರೆಯುವುದು ಇದನ್ನೇ.

ಯಂತ್ರವಿಲ್ಲದ ಊರಿಗೆ ಉತ್ತರ ಇದೇ ಮುಂಬೈಯಲ್ಲಿದೆ. ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಆರಂಭಿಸಿ, 35ರಿಂದ 64ರ ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದರು. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದಲೇ ಪರೀಕ್ಷಿಸಿದ್ದರು. 2021ರಲ್ಲಿ ಫಲಿತಾಂಶ ಬಂತು: 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಸಿಗಲಿಲ್ಲ.

ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಉಂಟು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30–49ರ ವಯಸ್ಸಿನವರ ಪೈಕಿ ಎಂದಾದರೂ ಪರೀಕ್ಷಿಸಿಕೊಂಡವರು ಶೇ 1ಕ್ಕಿಂತ ಕಡಿಮೆ. ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವವನಿದ್ದೇನೆ. ‘ಏನೂ ನೋವಿಲ್ಲ ಬಿಡಪಾ’ ಎನ್ನುತ್ತಾಳೆ, ಗೊತ್ತು. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.